ಟ್ಯಾಲಿ ಆಯ್ತಾ ಮಾರಾಯ್ರೆ?

ಬ್ಯಾಂಕಿನವರಿಗೂ ಕಷ್ಟ ಉಂಟು ಎಂದು ನಮ್ಮ ಉಡುಪಿಯಲ್ಲಿ ಹೇಳಿ ನೋಡಿ, ಯಾರೂ ನಂಬುವುದಿಲ್ಲ. ನಂಬುವುದಾದರೂ ಹೇಗೆ? 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇದೇ ಊರಿನಲ್ಲಿ ಶುರುಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕಟ್ಟಿದ್ದು ಕೆನರಾ ಬ್ಯಾಂಕ್. 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಮತ್ತೆ ಉಡುಪಿಯಲ್ಲೇ ಸಿಂಡಿಕೇಟ್, 1931ರಲ್ಲಿ ವಿಜಯಾ. ಆಗಿನ ಒಂದೇ ಜಿಲ್ಲೆಯಲ್ಲಿ ಇಷ್ಟು ಬ್ಯಾಂಕು ಹುಟ್ಟಿದ ಮೇಲೆ ಮನೆಗೊಬ್ಬ ಬ್ಯಾಂಕಿನವನಿರುವುದು ಸಹಜವೇ. ಮದುವೆ ಮಾತುಕತೆಯಲ್ಲಿ "ಮಾಣಿ ಬ್ಯಾಂಕಲ್ಲಿ" ಎಂದರೆ ಸಾಕು, ಜಾತಕ ನೋಡುವ ಜೋಯಿಸರೂ ಒಂದೆರಡು ದೋಷಗಳನ್ನು ಕಂಡೂ ಕಾಣದಂತೆ ದಾಟಿಸಿಬಿಡುತ್ತಿದ್ದರು.

ನಾನು ಶಾಲೆಯ ಮಾಷ್ಟ್ರು. ಆಚೆಮನೆಯವರು ಬ್ಯಾಂಕೇ ಪ್ರಯಾಣದ ಖರ್ಚು ಕೊಡುವ ಎಲ್‌ಎಫ್‌ಸಿ ತೆಗೆದುಕೊಂಡು ಸಂಸಾರಸಮೇತ ಕಾಶ್ಮೀರಕ್ಕೆ ಹೋಗಿಬಂದು ಅಕ್ರೋಟು ಹಂಚಿದಾಗ, ಅದನ್ನು ಬಾಗಿಲಸಂದಿಯಲ್ಲಿಟ್ಟು ಒಡೆದು ತಿನ್ನುತ್ತ "ಇವರ ಪುಣ್ಯವೇ ಪುಣ್ಯ" ಎನ್ನುವುದಷ್ಟೇ ನಮ್ಮ ಪಾಲಿನ ಟೂರು. ಮನೆ ಕಟ್ಟಲು ಅವರಿಗೆ ಕಡಿಮೆ ಬಡ್ಡಿಯ ಸ್ಟಾಫ್ ಲೋನು, ನಮಗೆ ಅದೇ ಬ್ಯಾಂಕಿನಲ್ಲಿ ಜಾಮೀನುದಾರರನ್ನು ಹುಡುಕುವ ಕೆಲಸ. ಹಾಗಾಗಿ ಅವರದ್ದು ತಾರಸಿ, ನಮ್ಮದು ಇವತ್ತಿಗೂ ಹಂಚು.

ಎರಡು ಮನೆಗಳ ನಡುವೆ ಎದೆಮಟ್ಟದ ಮುರಕಲ್ಲಿನ ಕಂಪೌಂಡು ಉಂಟು. ಅದರ ಮೇಲೆ ಎರಡು ಕಾಫಿ ಲೋಟ ಇಡುವಷ್ಟು ಸಪಾಟು ಜಾಗವೂ ಉಂಟು. ಆಚೆಯವರು ಹೆಡ್ ಕ್ಯಾಷಿಯರ್ ಆಗಿ ನಿವೃತ್ತರಾದವರು, ವಠಾರಕ್ಕೆಲ್ಲ ಕ್ಯಾಷಿಯರ್ ಮಾವ. ಅವರು ದುಡಿದ ಬ್ಯಾಂಕಿನ ಬೋರ್ಡು ಈಗ ಎಲ್ಲೂ ಇಲ್ಲ. 2019ರ ಏಪ್ರಿಲ್ ಒಂದಕ್ಕೆ ವಿಜಯಾ ಬ್ಯಾಂಕ್ ಬರೋಡಾದೊಳಗೆ ಸೇರಿತು; ಮರುವರ್ಷ ಅದೇ ದಿನ ಸಿಂಡಿಕೇಟ್ ಹೋಗಿ ಕೆನರಾ ಸೇರಿತು, ಕಾರ್ಪೊರೇಷನ್ ಹೋಗಿ ಯೂನಿಯನ್ ಸೇರಿತು. ಈ ಮೂರರಲ್ಲಿ ಮಾವನದ್ದು ಯಾವುದೆಂದು ನಾನು ಹೇಳುವುದಿಲ್ಲ. ಪಿಂಚಣಿದಾರರು ಪ್ರತಿ ನವೆಂಬರಿನಲ್ಲಿ ಜೀವಂತ ಪ್ರಮಾಣಪತ್ರ ಕೊಡಬೇಕಲ್ಲ, ಆಗ ಅವರು ತಪ್ಪದೆ ಹೇಳುವ ಮಾತೊಂದುಂಟು: "ನೋಡಿ ಮಾಷ್ಟ್ರೆ, ಬದುಕಿದ್ದೇನೆ ಅಂತ ನಾನು ಪ್ರೂಫ್ ಕೊಡ್ಬೇಕಂತೆ. ಬ್ಯಾಂಕೇ ಹೋಗಿಯಾಯ್ತು, ಅದರ ಡೆತ್ ಸರ್ಟಿಫಿಕೇಟು ನಂಗೆ ಯಾರಾದ್ರೂ ಕೊಟ್ರಾ?"

ಮೊನ್ನೆಯ ಎರಡನೇ ಶನಿವಾರ ಮಾವನ ತಂಗಿಯ ಮೊಮ್ಮಗಳು ಬಂದಿದ್ದಳು. ಎಂಬಿಎ ಓದುವ ಹುಡುಗಿ. ಕೈಯಲ್ಲಿ ಒಂದು ಕಟ್ಟು ಪ್ರಶ್ನಾವಳಿ. ಬ್ಯಾಂಕ್ ಉದ್ಯೋಗಿಗಳ ವೃತ್ತಿತೃಪ್ತಿಯ ಮೇಲೆ ಪ್ರಭಾವ ಬೀರುವ ಅಂಶಗಳು ಯಾವುವು ಎಂದು ಅವಳು ಪ್ರಾಜೆಕ್ಟು ಮಾಡಬೇಕಂತೆ. ಸಂಬಳ, ಬಡ್ತಿ, ಮೇಲಧಿಕಾರಿ, ಸಹೋದ್ಯೋಗಿ, ಕೆಲಸದ ಒತ್ತಡ, ವರ್ಗಾವಣೆ ಎಂದು ಸಾಲಾಗಿ ಬರೆದು, ಒಂದೊಂದರ ಮುಂದೆಯೂ ಐದೈದು ಚೌಕ: ಬಹಳ ತೃಪ್ತಿ, ತೃಪ್ತಿ, ಹೇಳಲಾಗದು, ಅತೃಪ್ತಿ, ತೀರಾ ಅತೃಪ್ತಿ. ಒಂದರಲ್ಲಿ ಟಿಕ್ ಹಾಕಿದರೆ ಆಯಿತು.

ಮಾವ ಕನ್ನಡಕ ಏರಿಸಿ ಹಾಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. "ಇದು ಎಂತ ಮಗಾ, ಚೆಕ್ಕಿಗೆ ಸೈನ್ ಹಾಕಿದ ಹಾಗೆ ಬರೀ ಟಿಕ್ಕಾ? ಹೇಳ್ಲಿಕ್ಕೆ ಜಾಗವೇ ಇಲ್ಲ!"

"ಅಜ್ಜಾ, ನೀವು ರಿಟೈರ್ ಆದವ್ರು, ಸ್ಯಾಂಪಲ್ಲಿಗೆ ಬರೂದಿಲ್ಲ. ನಂಗೆ ಬೇಕಾದ್ದು ಅತ್ತೆ. ನೀವು ಸುಮ್ನೆ ಪ್ರಶ್ನೆ ಸರಿ ಉಂಟಾ ನೋಡಿ."

ಸುಮ್ಮನೆ ನೋಡಿ ಎಂದರೆ ನೋಡಿ ಸುಮ್ಮನಿರುವ ಜನವೇ ಅವರು? ಮೊದಲ ಪ್ರಶ್ನೆ ಸಂಬಳದ್ದು. ನಾನು ಈಚೆಯಿಂದಲೇ ಬಾಯಿ ಹಾಕಿದೆ: "ಅದರಲ್ಲಿ ಕೇಳುವುದೆಂತ ಉಂಟು? ಐದು ವರ್ಷಕ್ಕೊಮ್ಮೆ ದ್ವಿಪಕ್ಷೀಯ ಒಪ್ಪಂದ ಮಾಡಿಕೊಂಡು ಏರಿಸಿಕೊಳ್ಳುತ್ತೀರಿ. 2024ರ ಮಾರ್ಚಿನಲ್ಲಿ ಸಹಿಯಾದದ್ದು ಹನ್ನೆರಡನೆಯದ್ದು, 17 ಶೇಕಡಾ ಏರಿಕೆ. ಅದೂ 2022ರ ನವೆಂಬರಿನಿಂದ ಅರಿಯರ್ಸ್ ಸಮೇತ."

"ನನ್ನ ಪೆನ್ಶನಿನ ಬೇಸಿಕ್ಕು ಎಂತ ಏರಿದೆ ಕೇಳಿ. ನಿವೃತ್ತಿಯ ದಿನ ಇದ್ದದ್ದೇ ಇವತ್ತಿಗೂ. ನಿಮ್ಮದು ಪೇ ಕಮಿಷನ್ ಬಂದಾಗಲೆಲ್ಲ ಏರ್ತದೆ. ಅಕ್ರೋಟಿನ ಲೆಕ್ಕ ಈಗ ನಿಮ್ಮ ಕಡೆಗೆ ವಾಲಿದೆ ಮಾಷ್ಟ್ರೆ."

ಇದಕ್ಕೆ ನಾನು ಉತ್ತರ ಕೊಡಲಿಲ್ಲ. ನೆರೆಹೊರೆಯಲ್ಲಿ ಕೆಲವು ಸತ್ಯಗಳನ್ನು ಕಾಫಿ ಕುಡಿಯುತ್ತ ನುಂಗಿಕೊಳ್ಳುವುದು ಒಳ್ಳೆಯದು. ಹುಡುಗಿ ನಡುವೆ ಬಂದಳು. ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪಿಟ್ಸ್‌ಬರ್ಗಿನ ಸುಮಾರು 200 ಎಂಜಿನಿಯರರನ್ನೂ ಲೆಕ್ಕಿಗರನ್ನೂ ಮಾತಾಡಿಸಿ 1959ರಲ್ಲಿ ಒಂದು ಪುಸ್ತಕ ಬರೆದನಂತೆ. ಸಂಬಳ, ಕುರ್ಚಿ, ಫ್ಯಾನು, ಮೇಲಧಿಕಾರಿಯ ಮುಖ, ಇವೆಲ್ಲ ಸರಿಯಿಲ್ಲದಿದ್ದರೆ ಮನುಷ್ಯ ಗೊಣಗುತ್ತಾನೆ. ಸರಿಯಿದ್ದರೆ ಗೊಣಗುವುದು ನಿಲ್ಲುತ್ತದೆ, ಅಷ್ಟೇ. ಅದರಿಂದ ಸಂತೋಷವೇನೂ ಹುಟ್ಟುವುದಿಲ್ಲ. ಸಂತೋಷದ ಬೇರು ಕೆಲಸದ ಒಳಗೇ ಇರುತ್ತದೆ ಎಂದು ಅವನ ಅಂಬೋಣ.

"ಲೆಕ್ಕಿಗರನ್ನು ಕೇಳಿದ್ನಾ? ಹಾಗಾದ್ರೆ ಬುದ್ಧಿ ಇದ್ದವ" ಎಂದರು ಮಾವ. "ಅವರು ಟ್ಯಾಲಿ ಆಗುವ ವಿಷಯ ಹೇಳಿಯೇ ಹೇಳಿರ್ತಾರೆ."

ಇನ್ನು ಮಾವನನ್ನು ತಡೆಯುವವರಿರಲಿಲ್ಲ. ನಾನು ಬ್ಯಾಂಕಿನ ಕಬ್ಬಿಣದ ಜಾಲರಿಯ ಈಚೆ ಹಿತ್ತಾಳೆ ಟೋಕನ್ ಹಿಡಿದು ನಿಂತವನೇ ಹೊರತು, ಆಚೆ ಏನು ನಡೆಯುತ್ತಿತ್ತೆಂದು ಅಷ್ಟು ಹತ್ತಿರದಿಂದ ಕೇಳಿದ್ದು ಅವತ್ತೇ. ನೂರು ನೋಟಿಗೆ ಒಂದು ಪ್ಯಾಕೆಟ್ಟು, ಹತ್ತು ಪ್ಯಾಕೆಟ್ಟಿಗೆ ಒಂದು ಬಂಡಲು. ಯಂತ್ರವಿಲ್ಲ. ನೀರಲ್ಲಿ ನೆನೆದ ಸ್ಪಂಜಿನ ಬಟ್ಟಲಿಗೆ ಬೆರಳದ್ದಿ ಎಣಿಸಬೇಕು. ಪ್ಯಾಕೆಟ್ಟಿಗೆ ದಪ್ಪ ಸ್ಟೇಪಲ್ ಪಿನ್ನು ಹೊಡೆದಿರುತ್ತಿದ್ದರು, ಅದನ್ನು ಕೀಳುವಾಗ ನೋಟೂ ಹರಿಯುತ್ತಿತ್ತು, ಉಗುರೂ ಹರಿಯುತ್ತಿತ್ತು. 2001ರಲ್ಲಿ ರಿಸರ್ವ್ ಬ್ಯಾಂಕು ಪಿನ್ನು ಹೊಡೆಯಬೇಡಿ, ಕಾಗದದ ಪಟ್ಟಿ ಸುತ್ತಿ ಎಂದು ಹೇಳಿದ ದಿನ ಕ್ಯಾಷಿನವರೆಲ್ಲ ಚಾ ಪಾರ್ಟಿ ಮಾಡಿದರಂತೆ. "ಪ್ರಮೋಷನ್ ಸಿಕ್ಕಿದಾಗ್ಲೂ ಅಷ್ಟು ಖುಷಿ ಆಗ್ಲಿಲ್ಲ" ಎಂದು ಎಡಗೈ ಹೆಬ್ಬೆರಳು ತೋರಿಸಿದರು. ಉಗುರಿನ ಬುಡದಲ್ಲಿ ಇನ್ನೂ ಒಂದು ಕಪ್ಪು ಗೀಟು ಇದೆ.

ಕ್ಯಾಷು ಕಡಿಮೆ ಬಂದರೆ ಕಿಸೆಯಿಂದ ಕಟ್ಟಬೇಕು. ಹೆಚ್ಚು ಬಂದರೆ ಕಿಸೆಗೆ ಬರುವುದಿಲ್ಲ, ಸಂಡ್ರಿ ಖಾತೆಗೆ ಹೋಗುತ್ತದೆ. ಇದೊಂದು ನ್ಯಾಯವೇ ಎಂದು ನಾನು ಕೇಳಿದ್ದಕ್ಕೆ, "ನ್ಯಾಯ ಅಲ್ಲ, ರೂಲು" ಎಂದರು.

ಆದರೆ ಮಾವನ ಕಣ್ಣು ಮಿನುಗಿದ್ದು ಲೆಡ್ಜರ್ ಬ್ಯಾಲೆನ್ಸಿಂಗಿನ ಮಾತು ಬಂದಾಗ. ಒಂದೊಂದು ಖಾತೆಯ ಬಾಕಿಯನ್ನೂ ಕೈಯಲ್ಲೇ ಕೂಡಿಸಿ, ಜನರಲ್ ಲೆಡ್ಜರಿನ ಮೊತ್ತಕ್ಕೆ ಸರಿಹೊಂದಿಸಬೇಕು. ಹೊಂದುವುದಿಲ್ಲ. 54 ರೂಪಾಯಿ ವ್ಯತ್ಯಾಸ ಎನ್ನಿ. ಹೊಸಬ ಮೊದಲ ಪುಟದಿಂದ ಮತ್ತೆ ಕೂಡಿಸಲು ಕೂರುತ್ತಾನೆ. ಹಳಬ ಕೂರುವುದಿಲ್ಲ, 54ನ್ನು ಒಂಬತ್ತರಿಂದ ಭಾಗಿಸುತ್ತಾನೆ. ಶೇಷವಿಲ್ಲದೆ ಹೋಯಿತೇ? ಹಾಗಾದರೆ ಯಾರೋ ಅಂಕೆ ತಿರುಗಿಸಿ ಬರೆದಿದ್ದಾರೆ: 1,782 ಇರಬೇಕಾದಲ್ಲಿ 1,728. ಅದನ್ನೇ ಹುಡುಕು. ಒಂಬತ್ತಕ್ಕೆ ಸಿಗಲಿಲ್ಲವೇ? ಅರ್ಧ ಮಾಡು. ಆ ಅರ್ಧದ ಮೊತ್ತ ಎಲ್ಲೋ ಜಮೆಯ ಬದಲು ಖರ್ಚಿನ ಕಡೆ ಕೂತಿದೆಯೋ ನೋಡು. ನಾನು ಮೂವತ್ತು ವರ್ಷ ಮಕ್ಕಳಿಗೆ ಗಣಿತ ಕಲಿಸಿದವನು, ಒಂಬತ್ತರ ಈ ಗುಣ ನನಗೂ ಗೊತ್ತು. ಆದರೆ ಅದರಿಂದ ಯಾರಿಗಾದರೂ ರಾತ್ರಿ ಬೇಗ ಮನೆಗೆ ಹೋಗುವ ಉಪಕಾರವಾಗುತ್ತದೆಂದು ಯೋಚಿಸಿರಲಿಲ್ಲ.

ಅರ್ಧವಾರ್ಷಿಕ ಕ್ಲೋಸಿಂಗಿನ ರಾತ್ರಿಗಳಲ್ಲಿ ಮ್ಯಾನೇಜರು, ಗುಮಾಸ್ತ, ಜವಾನ ಎಲ್ಲರೂ ಒಂದೇ ಮೇಜಿಗೆ. ಹೋಟೆಲಿನಿಂದ ಗೋಳಿಬಜೆ. ಹನ್ನೊಂದೋ ಹನ್ನೆರಡೋ ಗಂಟೆಗೆ ಮೂಲೆಯಿಂದ ಒಬ್ಬ "ಟ್ಯಾಲಿ ಆಯ್ತು ಮಾರಾಯ್ರೆ!" ಎಂದು ಕೂಗಿದರೆ ಎಲ್ಲರೂ ಪೆನ್ನು ಕೆಳಗಿಟ್ಟು ಕುರ್ಚಿಗೊರಗುತ್ತಿದ್ದರಂತೆ. "ಆ ಕೂಗಿಗೆ ನಿನ್ನ ಕಾಗದದಲ್ಲಿ ಚೌಕ ಎಲ್ಲುಂಟು ಮಗಾ?"

ಹುಡುಗಿ ಹಾಳೆ ನೋಡಿದಳು. ಇರಲಿಲ್ಲ.

ನನ್ನ ಲೆಕ್ಕದಲ್ಲಿ ಇಡೀ ವಿಷಯದ ತಿರುಳು ಇಷ್ಟೇ. ಮಾವನ ಕಾಲದ ಕೆಲಸ ಸುಲಭದ್ದಾಗಿರಲಿಲ್ಲ, ಆದರೆ ಅದಕ್ಕೆ ಕೊನೆಯೊಂದಿತ್ತು. ಸಂಜೆ ಮ್ಯಾನೇಜರನದೊಂದು ಕೀಲಿ, ಕ್ಯಾಷಿಯರನದೊಂದು ಕೀಲಿ ತಿರುಗಿಸಿ ತಿಜೋರಿ ಮುಚ್ಚಿದರೆ ಅವತ್ತಿನದ್ದು ಅವತ್ತಿಗೆ ಮುಗಿಯಿತು. ಆಮೇಲಿನ ಸಂಜೆ ಅವರದ್ದು. ನಮ್ಮೂರಿನ ಸಂಘಗಳ ತಾಳಮದ್ದಳೆ, ನಾಟಕ, ಭಜನೆ, ಕ್ರಿಕೆಟ್ ಟೂರ್ನಮೆಂಟು, ಇವನ್ನೆಲ್ಲ ಹೊತ್ತು ನಡೆಸಿದವರಲ್ಲಿ ಅರ್ಧದಷ್ಟು ಜನ ಬ್ಯಾಂಕಿನವರೇ. ಮಾವನೂ ಕರ್ಣನ ಅರ್ಥ ಹೇಳುತ್ತಿದ್ದರು. ಅರ್ಥ ಅಷ್ಟಕ್ಕಷ್ಟೆ, ಆದರೆ ದಾನದ ಪ್ರಸಂಗ ಬಂದಾಗ ಕ್ಯಾಷಿಯರನ ಬಾಯಲ್ಲಿ ಕೇಳಲು ಒಂದು ಮಜಾ ಇತ್ತು.

ಅಷ್ಟರಲ್ಲಿ ಮಾವನ ಸೊಸೆ, ಹುಡುಗಿಗೆ ಬೇಕಾಗಿದ್ದ ಆ ಅತ್ತೆ, ಬಟ್ಟೆ ಒಣಹಾಕಲು ಬಂದಳು. ಅವಳು ಕುಂದಾಪುರದ ಆಚೆ ಒಂದು ಶಾಖೆಯಲ್ಲಿ ಆಫೀಸರು. 2015ರ ಸೆಪ್ಟೆಂಬರಿನಿಂದ ಎರಡನೇ, ನಾಲ್ಕನೇ ಶನಿವಾರ ಬ್ಯಾಂಕಿಗೆ ರಜೆ. ಉಳಿದ ಶನಿವಾರಗಳಿಗೂ ರಜೆ ಬೇಕೆಂದು ಯೂನಿಯನ್ನುಗಳು ಕೇಳುತ್ತಲೇ ಇವೆ. ವಾರಕ್ಕೆ ಐದು ದಿನ ಸಾಕೆಂಬ ಆಸೆ ನನಗೆ ಮೊದಲು ಅತಿ ಎನಿಸಿತ್ತು. ಸೊಸೆಯ ಫೋನು ನೋಡಿದ ಮೇಲೆ ಅನಿಸಲಿಲ್ಲ. ಬಟ್ಟೆಗೆ ಕ್ಲಿಪ್ಪು ಹಾಕುವಷ್ಟರಲ್ಲಿ ಅದು ನಾಲ್ಕು ಸಲ ಕುಂಯ್‌ಗುಟ್ಟಿತು.

"ಮೇಲಿನ ಆಫೀಸಿನ ಗ್ರೂಪು" ಎಂದಳು. "ಸೋಮವಾರ ಅಟಲ್ ಪೆನ್ಶನ್ ಲಾಗಿನ್ ಡೇ ಅಂತೆ. ಬ್ರಾಂಚಿಗೆ ಇಷ್ಟು ಅಂತ ಟಾರ್ಗೆಟ್ಟು. ಸಂಜೆ ಆರಕ್ಕೆ ಪಟ್ಟಿ ಬರ್ತದೆ, ಸೊನ್ನೆ ಮಾಡಿದ ಬ್ರಾಂಚುಗಳ ಹೆಸರು ಕೆಂಪು ಬಣ್ಣದಲ್ಲಿ. ಆಮೇಲೆ ವೀಡಿಯೋ ಕಾಲು. ಯಾಕೆ ಆಗ್ಲಿಲ್ಲ ಹೇಳಿ, ಒಬ್ಬೊಬ್ರೇ ಹೇಳಿ."

"ಶಾಲೆಯಲ್ಲಿ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವುದನ್ನು ನಾವು ಬಿಟ್ಟು ಕಾಲವಾಯ್ತು" ಎಂದೆ.

"ಅಲ್ಲಿಂದ ಎತ್ಕೊಂಡು ಬಂದು ನಮ್ಮಲ್ಲಿ ಇಟ್ಟಿರ್ಬೇಕು ಮಾಷ್ಟ್ರೆ."

ಟಾರ್ಗೆಟ್ಟು ಒಂದೆರಡಲ್ಲ. ವರ್ಷಕ್ಕೆ 436 ರೂಪಾಯಿಯ ಜೀವನಜ್ಯೋತಿ, 20 ರೂಪಾಯಿಯ ಸುರಕ್ಷಾ ವಿಮೆ. ಇವು ಬಡವರಿಗೆ ನಿಜಕ್ಕೂ ಒಳ್ಳೆಯದು ಎಂದು ಅವಳೇ ಹೇಳುತ್ತಾಳೆ, ಗಂಡ ಸತ್ತ ಹೆಂಗಸೊಬ್ಬಳಿಗೆ ಎರಡು ಲಕ್ಷ ಬಂದದ್ದನ್ನು ಕಣ್ಣಾರೆ ಕಂಡವಳು. ಅವಳಿಗೆ ಮುಜುಗರವಾಗುವುದು ಬೇರೆ ವಿಮೆಯ ವಿಷಯದಲ್ಲಿ. ಅಡಿಕೆ ಮಾರಿದ ದುಡ್ಡನ್ನು ಎಫ್‌ಡಿ ಇಡಲು ಬಂದ ಎಪ್ಪತ್ತರ ಮುದುಕನಿಗೆ ದೊಡ್ಡ ಪ್ರೀಮಿಯಮ್ಮಿನ ಪಾಲಿಸಿ ತೋರಿಸು ಎಂದರೆ ಹೇಗೆ ತೋರಿಸುವುದು? "ಅವರು ನನ್ನ ಮುಖ ನೋಡಿ ಸೈನ್ ಹಾಕ್ತಾರೆ. ನೀನು ಹೇಳಿದ್ರೆ ಸರಿಯೇ ಇರ್ತದೆ ಮಗಾ ಅಂತಾರೆ. ಆ ಮಾತು ಕೇಳಿದ ದಿನ ನಂಗೆ ಊಟ ಸೇರೂದಿಲ್ಲ."

ಮಾವ ಒಮ್ಮೆ ಕೆಮ್ಮಿದರು. ಅವರ ಕಾಲದಲ್ಲೂ ಡೆಪಾಸಿಟ್ ಮೊಬಿಲೈಸೇಷನ್ ಎಂದು ಮನೆಮನೆ ತಿರುಗಿದ್ದುಂಟು. ಆದರೆ ಅದು ತಮ್ಮದೇ ಬ್ಯಾಂಕಿಗೆ ಠೇವಣಿ ಕೇಳುವುದು, ಇನ್ನೊಬ್ಬರ ಸರಕು ಮಾರುವುದಲ್ಲ. "ಟ್ಯಾಲಿ ಆಗದ ಕೆಲಸ" ಎಂದರು. ಸೊಸೆ ಒಪ್ಪಿದಳು. ಕೋರ್ ಬ್ಯಾಂಕಿಂಗ್ ಬಂದ ಮೇಲೆ ಲೆಕ್ಕ ತಾನಾಗಿ ಕೂಡುತ್ತದೆ, ಅದಕ್ಕೆ ಯಾರೂ ಬೆವರಬೇಕಿಲ್ಲ, ಹಾಗಾಗಿ ಯಾರೂ ಕೂಗುವುದೂ ಇಲ್ಲ. ಟಾರ್ಗೆಟ್ಟೋ, ಮುಟ್ಟಿದ ಮರುದಿನ ದೊಡ್ಡದಾಗುತ್ತದೆ.

"ಹಾಗಾದ್ರೆ ಅತ್ತೆ, ತೀರಾ ಅತೃಪ್ತಿ ಅಂತ ಹಾಕ್ಲಾ?" ಹುಡುಗಿ ಪೆನ್ನು ಎತ್ತಿದಳು.

"ತಡಿ ಮಾರಾಯ್ತಿ. ಗೃಹಲಕ್ಷ್ಮಿ ಅಜ್ಜಿ ಕಥೆ ಕೇಳು."

2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಶುರುವಾದಂದಿನಿಂದ ಅವಳ ಕೌಂಟರಿನ ಮುಂದೆ ಹೆಂಗಸರ ಸಾಲು. "ಹ್ವಾಯ್ ಅಮ್ಮಾ, ನನ್ ಎರಡ್ ಸಾವ್ರ ಬಂದಿತ್ತಾ ಕಾಣಿ." ಒಬ್ಬ ಅಜ್ಜಿಗೆ ತಿಂಗಳುಗಟ್ಟಲೆ ಬಂದಿರಲಿಲ್ಲ. ಪಂಚಾಯ್ತಿಯವರು ಬ್ಯಾಂಕಿಗೆ ಹೋಗಿ ಎನ್ನುವುದು, ಬ್ಯಾಂಕಿನವರು ಪಂಚಾಯ್ತಿಗೆ ಹೋಗಿ ಎನ್ನುವುದು ನಡೆದಿತ್ತು. ಸೊಸೆ ಆಧಾರ್ ನಂಬರ್ ಹಾಕಿ ನೋಡಿದರೆ, ಅದು ಜೋಡಣೆಯಾದದ್ದು ಬೇರೆ ಬ್ಯಾಂಕಿನ ಖಾತೆಗೆ. ಜನಧನ ಬಂದ ಹೊಸತರಲ್ಲಿ ಯಾರೋ ಕ್ಯಾಂಪಿನಲ್ಲಿ ಹೆಬ್ಬೆಟ್ಟು ಒತ್ತಿಸಿ ತೆರೆದ ಖಾತೆ, ಅಜ್ಜಿಗೆ ನೆನಪೇ ಇಲ್ಲ. ಸರ್ಕಾರದ ದುಡ್ಡು ಕೊನೆಗೆ ಆಧಾರ್ ಜೋಡಿಸಿದ ಖಾತೆಗೇ ಹೋಗುತ್ತದೆ. ಹಾಗಾಗಿ ಕಂತುಗಳೆಲ್ಲ ಅಲ್ಲಿ ತಣ್ಣಗೆ ಕೂತಿದ್ದವು. ಸೊಸೆ ಒಂದು ಚೀಟಿಯಲ್ಲಿ ಎಲ್ಲ ಬರೆದು, ಆ ಬ್ಯಾಂಕಿನಲ್ಲಿ ತನ್ನ ಪರಿಚಯದವಳಿಗೆ ಫೋನು ಮಾಡಿ, ಅಜ್ಜಿಯನ್ನು ಬಸ್ಸು ಹತ್ತಿಸಿದಳು. ಮರುವಾರ ಅಜ್ಜಿ ಕೆಸುವಿನೆಲೆಯ ಕಟ್ಟು ತಂದು ಕೌಂಟರಿನ ಮೇಲಿಟ್ಟು, "ಪತ್ರೊಡೆ ಮಾಡಿ" ಎಂದು ಹೋದಳು.

"ಅವತ್ತು ಸಂಜೆ ಪಟ್ಟಿಯಲ್ಲಿ ನಮ್ಮ ಬ್ರಾಂಚು ಕೆಂಪು" ಎಂದಳು ಸೊಸೆ. "ಇರ್ಲಿ. ಪತ್ರೊಡೆ ಬಾರೀ ಲಾಯ್ಕಾಗಿತ್ತು."

ವರ್ಗಾವಣೆಯ ಪ್ರಶ್ನೆಗೆ ಅವಳು ಹೆಚ್ಚು ಹೊತ್ತು ತೆಗೆದುಕೊಳ್ಳಲಿಲ್ಲ. ಮದುವೆಯಾದ ಹೊಸತರಲ್ಲಿ ಉತ್ತರದ ಒಂದು ರಾಜ್ಯದಲ್ಲಿದ್ದವಳು, ಮಗು ಇಲ್ಲಿ, ತಾನು ಅಲ್ಲಿ. ಈಗ ಅವಳ ಶಾಖೆಯ ಮ್ಯಾನೇಜರು ಬಿಹಾರದವನು, ಅವನ ಮಗು ಅಲ್ಲಿ, ಅವನು ಇಲ್ಲಿ. ಅವನು ಮೊದಲು ಕಲಿತ ಕನ್ನಡ "ಸರ್ವರ್ ಇಲ್ಲ, ನಾಳೆ ಬನ್ನಿ". ಗಿರಾಕಿಗಳು ಅವನ ಮೇಲೆ ರೇಗಾಡುವುದು ತಪ್ಪಲ್ಲ. ಹಳ್ಳಿಯ ಹೆಂಗಸು ತನ್ನ ದುಡ್ಡಿನ ವಿಷಯವನ್ನು ತನ್ನ ಮಾತಿನಲ್ಲಿ ಕೇಳಬಾರದೇ? ಅದು ಅವಳ ಹಕ್ಕು. ಆದರೆ ಆ ಹುಡುಗನೂ ಹಟಕ್ಕೆ ಬಂದವನಲ್ಲ, ಆರ್ಡರು ಬಂದದ್ದಕ್ಕೆ ಬಂದವನು. ಈಗೀಗ ಫೋನೆತ್ತಿದರೆ "ಹ್ವಾಯ್" ಎನ್ನುತ್ತಾನಂತೆ. ಅವನು ಪೂರ್ತಿ ಕಲಿಯುವ ಹೊತ್ತಿಗೆ ಇನ್ನೊಂದು ಆರ್ಡರು ಬರುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ.

ನನಗೆ ಅಚ್ಚರಿಯಾದದ್ದು ನೋಟುರದ್ದತಿಯ ಬಗ್ಗೆ ಅವಳು ಹೇಳಿದ್ದು. 2016ರ ನವೆಂಬರ್ 8ರ ರಾತ್ರಿ ಘೋಷಣೆ, 10ಕ್ಕೆ ಬ್ಯಾಂಕು ಬಾಗಿಲು ತೆಗೆದಾಗ ರಸ್ತೆಯವರೆಗೆ ಸಾಲು. 12 ಎರಡನೇ ಶನಿವಾರ, ಅದರ ರಜೆಯೂ ಹೋಯಿತು, ಮರುದಿನದ ಭಾನುವಾರವೂ ಹೋಯಿತು. ಖೋಟಾನೋಟು ಬಂದು, ಎಣಿಕೆ ತಪ್ಪಿ, ಎಷ್ಟೋ ಕ್ಯಾಷಿಯರುಗಳು ಕೈಯಿಂದ ಕಟ್ಟಿದರು. ಡಿಸೆಂಬರ್ 30ರವರೆಗೆ ಇದೇ ಪಾಡು. ಅದು ಅವಳ ನೌಕರಿಯ ಅತಿ ಕೆಟ್ಟ ಕಾಲ ಎನ್ನುತ್ತಾಳೆಂದುಕೊಂಡಿದ್ದೆ.

"ಕಷ್ಟವೇ. ಆದ್ರೆ ರಾತ್ರಿ ಎಲ್ಲ ಒಟ್ಟಿಗೆ ಕೂತು ಹಳೇ ನೋಟು, ಹೊಸ ನೋಟು ಎಣಿಸಿ ಲೆಕ್ಕ ಸರಿ ಆದ ಮೇಲೆಯೇ ಮನೆಗೆ ಹೋಗೂದು. ಎದುರಿನ ಹೋಟೆಲಿನವ್ರು ದುಡ್ಡು ತಕ್ಕೊಳ್ದೆ ಚಾ ಕಳಿಸ್ತಿದ್ರು. ಪಾಲಿಸಿ ಎಷ್ಟು ಮಾಡಿದ್ರಿ ಅಂತ ಆಗ ಯಾರೂ ಕೇಳ್ಲಿಲ್ಲ. ಮಾವ ಹೇಳುವ ಬ್ಯಾಂಕು ಎಂತದು ಅಂತ ನಂಗೆ ಗೊತ್ತಾದದ್ದೇ ಆಗ."

ಮಾವ ಏನೂ ಹೇಳದೆ ಒಳಗೆ ಹೋಗಿ ಇನ್ನೊಂದು ಲೋಟ ಕಾಫಿ ತಂದು ಸೊಸೆಯ ಕೈಗೆ ಕೊಟ್ಟರು. ಮಾವ ಸೊಸೆಗೆ ಕಾಫಿ ತಂದುಕೊಟ್ಟದ್ದನ್ನು ಈ ಕಂಪೌಂಡಿನಿಂದ ನಾನು ನೋಡಿದ್ದು ಅದೇ ಮೊದಲು.

ಗೇಟು ಕಿರ್ರೆಂದಿತು. ಪಿಗ್ಮಿಯವರು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಬಂದು ಒಯ್ಯುವ ಈ ಪದ್ಧತಿಯನ್ನು 1928ರಲ್ಲಿ ಟಿ.ಎಂ.ಎ. ಪೈಗಳ ಸಿಂಡಿಕೇಟ್ ಬ್ಯಾಂಕ್ ಶುರುಮಾಡಿತು. ಈಗ ಸಹಕಾರಿ ಸಂಘಗಳೂ ನಡೆಸುತ್ತವೆ. ಇವರ ಬಗಲಲ್ಲಿ ಚೀಲ, ಕೈಯಲ್ಲಿ ರಸೀದಿ ಉಗುಳುವ ಸಣ್ಣ ಯಂತ್ರ. ಸಂಬಳವಿಲ್ಲ, ತಂದದ್ದಕ್ಕೆ ಕಮಿಷನ್ನು. ಎರಡನೇ ಶನಿವಾರವೂ ಇಲ್ಲ, ನಾಲ್ಕನೆಯದ್ದೂ ಇಲ್ಲ. ಬ್ಯಾಂಕುಗಳ ಠೇವಣಿ ಸಂಗ್ರಾಹಕರೂ ಕಾರ್ಮಿಕರೇ ಎಂದು 2001ರಲ್ಲಿ ಸುಪ್ರೀಂ ಕೋರ್ಟು ಒಪ್ಪಿತು. ಖಾಯಂ ನೌಕರರ ಸಾಲಿಗೆ ಮಾತ್ರ ಸೇರಿಸಲಿಲ್ಲ.

"ಇವರನ್ನೂ ಕೇಳು ಮಗಾ" ಎಂದರು ಮಾವ.

ಹುಡುಗಿ ಹಾಳೆ ತಿರುವಿದಳು. "ಇಲ್ಲ ಅಜ್ಜ, ನಮ್ಮ ಗೈಡು ಖಾಯಂ ಉದ್ಯೋಗಿಗಳು ಮಾತ್ರ ಅಂದಿದ್ದಾರೆ."

ಪಿಗ್ಮಿಯವರಿಗೆ ಇದರಿಂದ ಬೇಸರವೇನೂ ಆದ ಹಾಗೆ ಕಾಣಲಿಲ್ಲ. ಮಾವನ ನೂರು ರೂಪಾಯಿ, ನನ್ನ ಐವತ್ತು ಪಡೆದು ರಸೀದಿ ಹರಿದುಕೊಟ್ಟರು. ನನ್ನ ಹೆಂಡತಿಯ ಮೊಣಕಾಲು ನೋವು ಹೇಗಿದೆ ಕೇಳಿದರು, ಮಾವನ ತೆಂಗಿನಮರಕ್ಕೆ ಹತ್ತುವವನನ್ನು ನಾಳೆ ಕಳಿಸುತ್ತೇನೆಂದರು. ಆಮೇಲೆ ಹುಡುಗಿಯ ಕಡೆ ತಿರುಗಿ, ಕಾಲೇಜು ಎಲ್ಲಿ, ಬಸ್ಸಿಗೆ ದಿನಕ್ಕೆಷ್ಟು, ಚಾ ತಿಂಡಿಗೆ ಎಷ್ಟು ಎಂದು ವಿಚಾರಿಸುತ್ತ ವಿಚಾರಿಸುತ್ತ ಐದೇ ನಿಮಿಷದಲ್ಲಿ ಅವಳ ಹೆಸರಿಗೆ ದಿನಕ್ಕೆ ಇಪ್ಪತ್ತು ರೂಪಾಯಿಯ ಪಿಗ್ಮಿ ಒಪ್ಪಿಸಿ, ಮೊದಲ ಕಂತನ್ನು ಮಾವನ ಕಿಸೆಯಿಂದಲೇ ಕೊಡಿಸಿ ಹೊರಟರು.

ಸೊಸೆ ಖಾಲಿ ಬಕೆಟ್ಟು ಎತ್ತಿಕೊಂಡು ಅವರು ಹೋದ ಕಡೆಯೇ ನೋಡಿದಳು. "ಸೋಮವಾರ ಲಾಗಿನ್ ಡೇಗೆ ಇವ್ರನ್ನೇ ಒಮ್ಮೆ ನಮ್ಮ ಬ್ರಾಂಚಿಗೆ ಕರ್ಕೊಂಡು ಹೋದ್ರೆ ಹೇಗೆ ಮಾವ?"